ಯಜಮಾನರು ಎದ್ದು ನಿಂತದ್ದು

ಗಿರಣಿ ಯಜಮಾನರು ಬಿದ್ದ ಮೇಲೆ ಆ ಮನೆಯ ಅಡುಗೆಗೆ ರುಚಿ ಬಂತು ಎಂದರೆ ಕೇಳಿದವರು ಬಾಯಿ ಮೇಲೆ ಹೊಡೆದಾರು. ಆದರೆ ಆದದ್ದು ಅದೇ. ಅಡುಗೆ ಮಾಡುವ ಕೈ ಬದಲಾಗಿರಲಿಲ್ಲ, ಸಾಮಾನು ತರುವ ಅಂಗಡಿಯೂ ಬದಲಾಗಿರಲಿಲ್ಲ. ಉಪ್ಪಿನ ಡಬ್ಬಿಗೆ ಹೋದ ಬೆರಳು ನಡುಗುವುದು ನಿಂತಿತ್ತು, ಅಷ್ಟೆ.

ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ, ಹಿಂಭಾಗದಲ್ಲಿ ಸಂಸಾರ, ನಡುವೆ ಒಂದು ಬಾಗಿಲು. ಯಜಮಾನರು ಹರೆಯದಲ್ಲಿ ಬೆನ್ನಿನ ಚರ್ಮ ಸುಲಿಯುವಷ್ಟು ಮೂಟೆ ಹೊತ್ತು ಸ್ವಂತ ಗಿರಣಿ ಹಾಕಿದವರು. ಅವರ ದುಡಿಮೆಯ ಬಗ್ಗೆ ಯಾರೂ ಎರಡು ಮಾತಾಡುತ್ತಿರಲಿಲ್ಲ. ಆದರೆ ಕೋಪ ಮೂಗಿನ ತುದಿಯಲ್ಲಿ, ಕೈ ಅದಕ್ಕಿಂತ ಮುಂದೆ. ಬೀದಿಯವರು ಬೆನ್ನ ಹಿಂದೆ ಅವರನ್ನು ಗುಡುಗಪ್ಪ ಎನ್ನುತ್ತಿದ್ದರು. ಗುಡುಗು ಬೀದಿಗೆ ಕೇಳುತ್ತಿತ್ತು. ಸಿಡಿಲು ಬೀಳುತ್ತಿದ್ದದ್ದು ಮನೆಯೊಳಗೆ.

ಒಂದು ಮಧ್ಯಾಹ್ನ ಗಿರಾಕಿಯೊಬ್ಬನ ಗೋಧಿಯಲ್ಲಿ ಕಲ್ಲಿದೆಯೆಂದು ಕೂಗಾಡುತ್ತಿದ್ದವರು ಅರ್ಧ ಬೈಗುಳದಲ್ಲೇ ಕುಸಿದರು. ಲಕ್ವ. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಮಾತು ಮರಳಿತ್ತು, ಕೈಯೂ ಮರಳಿತ್ತು. ಕಾಲು ಮಾತ್ರ ಮರಳಲಿಲ್ಲ. ಎತ್ತಿ ನಿಲ್ಲಿಸಿದರೆ ಬುಡ ಸಡಿಲಾದ ಕಂಬದ ಹಾಗೆ ಎಡಕ್ಕೆ ವಾಲುತ್ತಿದ್ದರು.

ಅವರನ್ನು ಒಳಕೋಣೆಯಲ್ಲಿ ಮಲಗಿಸಿ ಮನೆ ಸದ್ದಿಲ್ಲದೆ ತನ್ನ ರೀತಿ ಬದಲಿಸಿಕೊಂಡಿತು. ಮಗ ಗಿರಣಿ ನೋಡಿಕೊಂಡ. ಹೆಂಗಸರು ಗಿರಣಿಯ ಹೊಸ್ತಿಲು ದಾಟಬಾರದೆಂಬ ಕಟ್ಟಳೆ ತಾನಾಗಿಯೇ ಬಿದ್ದುಹೋಗಿ, ಸೊಸೆ ತಕ್ಕಡಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ನಗುನಗುತ್ತ ತೂಗುತ್ತಿದ್ದಳು, ಗಿರಾಕಿಗಳ ಮಕ್ಕಳ ಹೆಸರು ನೆನಪಿಟ್ಟುಕೊಂಡು ವಿಚಾರಿಸುತ್ತಿದ್ದಳು. ಜಗಳವಾಡಿ ಬಿಟ್ಟು ಹೋಗಿದ್ದವರೂ ಚೀಲ ಹಿಡಿದು ತಿರುಗಿ ಬಂದರು. ಯಜಮಾನರ ಹೆಂಡತಿ, ಎಲ್ಲರ ಪಾಲಿಗೆ ಅಮ್ಮ, ಮದುವೆಯಾದಂದಿನಿಂದ ಎಲ್ಲರೂ ಎದ್ದ ಮೇಲೆ ಉಂಡವಳು. ಈಗ ಮಗ-ಸೊಸೆಯ ಜೊತೆ ಮೇಜಿನ ಮುಂದೆ ಕೂತಳು. ಮೊದಲ ದಿನ ಅವಳ ನಾಲಿಗೆ ಸುಟ್ಟಿತು.

"ಇಷ್ಟು ಬಿಸಿ ತಿಂದು ಅಭ್ಯಾಸ ಇಲ್ಲ ಕಣೇ," ಎಂದು ಅವಳು ಬಾಯಿಗೆ ಕೈಯಿಂದ ಗಾಳಿ ಹಾಕಿಕೊಂಡಾಗ ಮೂವರಿಗೂ ನಗು ಬಂತು.

ಒಳಕೋಣೆಯಿಂದ ದನಿ ಬಂತು: "ಏನಲ್ಲಿ ನಗು? ಯಾರು ಸತ್ರು ಅಂತ ನಗ್ತಿದ್ದೀರಿ?"

ನಗು ನಿಂತಿತು. ಮಗ ತಟ್ಟೆಯತ್ತ ಬಾಗಿ, "ಇನ್ನೂ ಯಾರೂ ಇಲ್ಲ," ಎಂದು ಪಿಸುಗುಟ್ಟಿದ.

"ಬಿಡ್ತು ಅನ್ನೋ," ಎಂದು ಅಮ್ಮ ಅವನ ಕೈಗೆ ಹೊಡೆದಳು. ಹೊಡೆದವಳೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮಗಳದು ಬೇರೆ ಕಥೆ. ಅವಳು ಊರಿನ ಇನ್ನೊಂದು ತುದಿಯಲ್ಲಿ ಗಂಡನ ಜೊತೆ ಇದ್ದಳು, ವಿಮಾ ಕಚೇರಿಯಲ್ಲಿ ಕೆಲಸ. ಅವಳು ಹುಟ್ಟಿದ ವರ್ಷವೇ ಗಿರಣಿ ಕೈಹತ್ತಿದ್ದರಿಂದ ಅಪ್ಪನಿಗೆ ಅವಳೆಂದರೆ ಪ್ರಾಣ. ಓದಿದ್ದು ಚಿಕ್ಕಮ್ಮನ ಮನೆಯಲ್ಲಿ. ರಜೆಗೆ ಬಂದಾಗ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸುತ್ತಿದ್ದ. ಅಣ್ಣ ಇವತ್ತಿಗೂ ಅಪ್ಪನನ್ನು "ನೀವು" ಎನ್ನುತ್ತಾನೆ. ಅವಳು "ನೀನು" ಎನ್ನುತ್ತಾಳೆ.

ಒಂದು ಭಾನುವಾರ ಊಟದ ಮಧ್ಯೆ ಅವಳು ಹೇಳಿದಳು: "ಅಪ್ಪನ್ನ ನಡೆಸೋ ಯಂತ್ರ ಬಂದಿದೆ ಕಣೋ ಅಣ್ಣ. ರೋಬೋಟು. ನಮ್ಮ ಆಫೀಸಿನವರೊಬ್ಬರ ತಾಯಿ ಅದರಲ್ಲೇ ಕಲಿತು ಈಗ ಮಾರ್ಕೆಟ್ಟಿಗೆ ಹೋಗಿ ಬರ್ತಾರೆ."

"ಹೂಂ," ಎಂದ ಮಗ.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ."

"ಖರ್ಚು ನಂದು, ಕರ್ಕೊಂಡು ಹೋಗೋದು ನಂದು. ನೀವು ಇಲ್ಲಿನ ಕಡ್ಡಿ ಅಲ್ಲಿಗೆ ಇಡೋದು ಬೇಡ. ಮತ್ಯಾಕೆ ಎಲ್ರೂ ಮುಖ ಹಾಗೆ ಮಾಡ್ಕೊಂಡಿದ್ದೀರಿ? ಅಪ್ಪ ನಡೆಯೋದು ಬೇಡ್ವಾ ನಿಮಗೆ?"

ಸೊಸೆ ಎದ್ದು ತುಂಬಿದ ಲೋಟಕ್ಕೇ ಇನ್ನಷ್ಟು ನೀರು ಬಗ್ಗಿಸಿದಳು. ಅಮ್ಮ, "ನಡೀಲಿ, ನಡೀಲಿ. ಯಾಕೆ ಬೇಡ," ಎಂದಳು.

ಚಿಕಿತ್ಸಾ ಕೇಂದ್ರದ ಆ ಕೋಣೆಯಲ್ಲಿ ಮೇಲಿನ ಕಂಬಿಯಿಂದ ಅಗಲವಾದ ಪಟ್ಟಿಗಳು ಇಳಿಬಿದ್ದಿದ್ದವು. ಅವುಗಳಲ್ಲಿ ಯಜಮಾನರ ಎದೆ, ಸೊಂಟ ಬಿಗಿದು ನಿಲ್ಲಿಸಿದರು. ತೊಡೆಗೂ ಮೀನಖಂಡಕ್ಕೂ ಯಂತ್ರದ ಕಾಲು ಕಟ್ಟಿದರು. ಕಾಲಡಿಯ ಟ್ರೆಡ್‌ಮಿಲ್ಲಿನ ಪಟ್ಟಿ ಮೆಲ್ಲಗೆ ಸರಿಯತೊಡಗಿದಾಗ ಯಂತ್ರ ಒಂದು ಮೊಣಕಾಲನ್ನು ಎತ್ತಿ ಮುಂದಿಟ್ಟಿತು, ಆಮೇಲೆ ಇನ್ನೊಂದನ್ನು. ಎದುರಿಗೆ ಗೋಡೆಯಗಲ ಕನ್ನಡಿ. ಯಜಮಾನರು ಅದರಲ್ಲಿ ತಮ್ಮನ್ನು ನೋಡಿಕೊಂಡು, "ನಾನು ಇಷ್ಟು ಎತ್ತರ ಇದ್ನಾ?" ಎಂದರು. ತಿಂಗಳುಗಟ್ಟಲೆ ಸೂರು ನೋಡುತ್ತ ಮಲಗಿದವರು. ಗಲ್ಲದ ಮೇಲೆ ನೀರಿಳಿಯಿತು. ಮಗಳೂ ಅತ್ತಳು. ಅಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಗಳಿಗೆಯಲ್ಲಿ ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ಇಲ್ಲವೆಂದರೆ ಸುಳ್ಳಾದೀತು.

ನಡಿಗೆ ಕಲಿಸುವವಳು ಚುರುಕಾದ ಹೆಣ್ಣುಮಗಳು. ಮನೆಯವರು ಅವಳನ್ನು ವ್ಯಾಯಾಮದ ಮೇಡಂ ಎಂದು ಕರೆಯತೊಡಗಿದರು. "ಯಂತ್ರ ಇವರನ್ನ ಹೊತ್ತುಕೊಂಡು ಹೋಗಲ್ಲ," ಎಂದು ಅವಳು ವಿವರಿಸಿದಳು. "ಇವರು ಎಷ್ಟು ಪ್ರಯತ್ನ ಪಡ್ತಾರೋ ನೋಡಿಕೊಂಡು ಕಡಿಮೆ ಬಿದ್ದಷ್ಟನ್ನ ಮಾತ್ರ ಕೊಡುತ್ತೆ. ಇವರು ಗಟ್ಟಿಯಾದ ಹಾಗೆ ಅದು ಹಿಂದೆ ಸರಿಯುತ್ತೆ."

"ಮನೇಲಿ ಯಾರು ಹಿಡ್ಕೊಳ್ತೀರಿ?" ಎಂದು ಕೇಳಿದಾಗ ಎಲ್ಲರೂ ಅಮ್ಮನನ್ನು ನೋಡಿದರು. ಮೇಡಂ ಯಜಮಾನರ ಸೊಂಟಕ್ಕೆ ಹಿಂಬದಿ ಹಿಡಿಕೆಯಿದ್ದ ಬೆಲ್ಟು ಕಟ್ಟಿ, ಅಮ್ಮನ ಬೆರಳುಗಳನ್ನು ಅದರ ಸುತ್ತ ಕೂರಿಸಿದಳು. "ಎಳೀಬಾರದು, ದೂಡಬಾರದು. ಸುಮ್ನೆ ಜೊತೆಗೆ ಹೋಗ್ತಿರಿ. ವಾಲಿದ್ರೆ ಮಾತ್ರ ಬಿಗಿ ಹಿಡೀರಿ. ವಾಲ್ತಾರೆ ಅಂತ ಗೊತ್ತಾಗೋಕೆ ಸ್ವಲ್ಪ ದಿನ ಬೇಕು."

"ನನಗೆ ಗೊತ್ತಾಗುತ್ತೆ," ಎಂದಳು ಅಮ್ಮ. "ಇವರ ಕತ್ತು ನೋಡಿದ್ರೆ ಸಾಕು." ನಲವತ್ತು ವರ್ಷ ಆ ಕತ್ತಿನ ನರ ನೋಡಿಯೇ ಅವಳು ಅಡುಗೆಮನೆಗೆ ಓಡಬೇಕೋ ಬೇಡವೋ ಎಂದು ತೀರ್ಮಾನಿಸಿದ್ದಳು. ಮೇಡಂಗೆ ಅದು ಹೇಗೆ ತಿಳಿಯಬೇಕು? "ಒಳ್ಳೇ ದಂಪತಿ," ಎಂದು ನಕ್ಕಳು.

ಕೆಲವು ವಾರ ಹೀಗೆ ಹೋಗಿಬಂದ ಮೇಲೆ ಮನೆಗೇ ಒಂದು ಚಿಕ್ಕ ಯಂತ್ರ ಬಾಡಿಗೆಗೆ ಬಂತು. ಸೊಂಟಕ್ಕೆ ಒಂದು ಪಟ್ಟಿ, ತೊಡೆಗಳಿಗೆ ಎರಡು. ಪಕ್ಕದಲ್ಲಿ ಮುಷ್ಟಿಗಾತ್ರದ ಮೋಟಾರುಗಳು. ರಾತ್ರಿಯಿಡೀ ಚಾರ್ಜು ಮಾಡಿದರೆ ಮರುದಿನಕ್ಕೆ ಆಗುತ್ತಿತ್ತು. ಹೆಜ್ಜೆ ಎತ್ತಿದಾಗ ಜೇನಿನ ಹಾಗೆ ಗುಂಯ್ ಎನ್ನುತ್ತಿತ್ತು.

"ಹೇಳಿದ ಮಾತು ಕೇಳೋ ಸೊಸೆ ಕೊನೆಗೂ ಬಂದ್ಲು ನಮ್ಮನೆಗೆ," ಎಂದರು ಯಜಮಾನರು.

ಅಡುಗೆಮನೆಯಲ್ಲಿ ಸೊಸೆ ತರಕಾರಿ ಹೆಚ್ಚುತ್ತ, "ಒಬ್ಬ ಮಾವ ಸಾಲ್ದು ಅಂತ ಚಾರ್ಜಿಗೆ ಹಾಕೋ ಇನ್ನೊಬ್ಬ ಮಾವ ಬಂದ," ಎಂದಳು.

ಯಜಮಾನರು ಹಟದ ಮನುಷ್ಯ. ನೋವಾದರೂ ಹಲ್ಲು ಕಚ್ಚಿ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ ನಡೆದರು. ಹಿಂದೆ ಬೆಲ್ಟು ಹಿಡಿದು ಅಮ್ಮ. ಕಾಲಿಗೆ ಬಲ ಬಂದ ಹಾಗೆ ಗಂಟಲಿಗೂ ಬಂತು. ಗಂಜಿ ತೆಳುವಾಯಿತು, ಚಹಾ ಆರಿತು, ಟವೆಲು ಯಾರು ಇಲ್ಲಿಟ್ಟದ್ದು. ಮೊದಲು ಮಲಗಿದಲ್ಲಿಂದ ಬರುತ್ತಿದ್ದ ದನಿ ಈಗ ಬೆನ್ನ ಹಿಂದಿನಿಂದ, ಬಾಗಿಲ ಸಂದಿನಿಂದ ಬರತೊಡಗಿತು. ಅಮ್ಮ ಮತ್ತೆ ಉಪ್ಪನ್ನು ಎರಡು ಸಲ ರುಚಿ ನೋಡತೊಡಗಿದಳು.

ಒಂದು ಬೆಳಿಗ್ಗೆ ಅವರು ಕೋಲೂರಿ ನಡುಬಾಗಿಲವರೆಗೂ ನಡೆದು, ಚೌಕಟ್ಟು ಹಿಡಿದು, ಗಿರಣಿಯೊಳಗೆ ನೋಡಿದರು. ಸೊಸೆ ಗಿರಾಕಿಯೊಬ್ಬಳ ಚೀಲ ತೂಗುತ್ತಿದ್ದಳು.

"ಆ ಕುರ್ಚಿ ಯಾರದು?"

ಸೊಸೆ ತೂಕದ ಕಲ್ಲು ಕೆಳಗಿಟ್ಟಳು. "ನಿಮ್ದೇ ಮಾವ."

"ಮತ್ತೆ ಅದರಲ್ಲಿ ಯಾರು ಕೂತಿರೋದು?"

"ನೀವು ಬರೋ ತನಕ ಖಾಲಿ ಇಟ್ಟಿದ್ರೆ ಗಿರಣೀಲಿ ಇಲಿ ಕೂತಿರೋವು."

ಗಿರಾಕಿ ಹೆಂಗಸು ಕಿಸಕ್ಕನೆ ನಕ್ಕಳು. ಯಜಮಾನರ ಕತ್ತಿನ ನರ ಉಬ್ಬಿದ್ದನ್ನು ಹಿಂದೆ ನಿಂತ ಅಮ್ಮ ನೋಡಿದಳು. ಆದರೆ ಒಂದು ಕೈ ಚೌಕಟ್ಟಿನಲ್ಲಿ, ಇನ್ನೊಂದು ಕೋಲಿನಲ್ಲಿ. "ಇನ್ನು ಸ್ವಲ್ಪ ದಿನ," ಎಂದಷ್ಟೇ ಹೇಳಿ ಅವರು ತಮ್ಮನ್ನು ತಿರುಗಿಸುವಂತೆ ಹೆಂಡತಿಗೆ ತಲೆಯಲ್ಲೇ ಸನ್ನೆ ಮಾಡಿದರು.

ಆ ವಾರದಿಂದ ಯಂತ್ರ ಕೈಕೊಡತೊಡಗಿತು. ಬೆಳಿಗ್ಗೆ ಕಟ್ಟಿಕೊಂಡರೆ ಒಂದೆರಡು ಹೆಜ್ಜೆಗೇ ಕೆಂಪು ದೀಪ. ಕೇಂದ್ರದವರು ಬಂದು ಪರೀಕ್ಷಿಸಿ, ಯಂತ್ರದಲ್ಲಿ ದೋಷವಿಲ್ಲ, ಚಾರ್ಜೇ ಆಗುತ್ತಿಲ್ಲ ಎಂದರು. ಮಗಳು ಕಚೇರಿಯಿಂದ ನೇರವಾಗಿ ಬಂದು, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದಳು.

"ಪ್ಲಗ್ ತೆಗೀತಿರೋದು ನೀವೇ ಅಲ್ವಾ ಅತ್ತಿಗೆ? ಅಪ್ಪ ಎದ್ರೆ ಕುರ್ಚಿ ಹೋಗುತ್ತೆ ಅಂತ?"

"ಕುರ್ಚಿ ಹೋಗುತ್ತೆ ಅನ್ನೋದು ನಿಜ. ಪ್ಲಗ್ ನಾನು ಮುಟ್ಟಿಲ್ಲ."

"ಮತ್ತೆ ಪ್ಲಗ್ಗಿಗೇ ಕಾಲು ಬಂತಾ?"

"ಕಾಲು ಬರಿಸೋ ಯಂತ್ರ ತಾನೇ. ಬಂದಿದ್ರೂ ಬಂದಿರಬಹುದು."

ಗದ್ದಲಕ್ಕೆ ಮಗ ಮೈಮೇಲಿನ ಹಿಟ್ಟು ಕೊಡವುತ್ತ ಬಂದ. "ಏನು? ಏನಂತೆ?" ಎಂದು ಬಲಗಿವಿಯನ್ನು ಮುಂದೆ ಮಾಡಿದ.

"ಇವನೊಬ್ಬ. ಗಿರಣಿ ಸದ್ದಿಗೆ ಕಿವಿ ಬೇರೆ ಕಳ್ಕೊಂಡಿದ್ದಾನೆ."

ಮಗ ಅವಳನ್ನೇ ನೋಡಿದ. "ಗಿರಣಿ ಸದ್ದು ಎರಡೂ ಕಿವಿಗೆ ಬೀಳುತ್ತೆ ಕಣೇ. ಹೋಗಿದ್ದು ಎಡಗಡೇದು ಒಂದೇ. ಅಪ್ಪ ಬಲಗೈಯೋರು."

ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ಯಾರೂ ಸೌಟು ಹಾಕಲಿಲ್ಲ.

"ಯಾವಾಗ?" ಎಂದಳು ಮಗಳು.

"ನೀನು ಚಿಕ್ಕಮ್ಮನ ಮನೇಲಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ರಜಕ್ಕೆ ಅಂತ ಬಂದೋಳ ಹತ್ರ ಏನು ಹೇಳೋದು?"

ಮಗಳು ಕುರ್ಚಿ ಎಳೆದು ಕೂತಳು. ತಗ್ಗಿದ ದನಿಯಲ್ಲಿ ಹೇಳಿದಳು: "ಈಗ ಅಪ್ಪ ಮುದುಕ ಅಣ್ಣ. ಹಳೇದನ್ನ ಹಿಡ್ಕೊಂಡು ಒಬ್ಬ ಮನುಷ್ಯನ್ನ ಹಾಸಿಗೇಲೇ ಕೊಳೆಸೋಕಾಗುತ್ತಾ? ನೀವೇ ಹೇಳಿ."

ಅವಳು ಯಂತ್ರದ ಚಾರ್ಜರನ್ನು ಅಪ್ಪನ ಮಂಚದ ತಲೆದೆಸೆಗೇ ವರ್ಗಾಯಿಸಿ, ರಾತ್ರಿ ಅವರೇ ದೀಪ ನೋಡಿಕೊಂಡು ಮಲಗುವಂತೆ ಹೇಳಿಕೊಟ್ಟು ಹೋದಳು.

ಸಂಜೆ ಪಾತ್ರೆ ತೊಳೆಯುವಾಗ ಅಮ್ಮ ಹೇಳಿದಳು: "ಪ್ಲಗ್ ತೆಗೆದದ್ದು ನಾನು."

"ಗೊತ್ತು ಅತ್ತೆ."

"ಮತ್ತೆ ಅವಳ ಬಾಯಲ್ಲಿ ಅಷ್ಟೆಲ್ಲ ಅನ್ನಿಸ್ಕೊಂಡ್ರೂ ನನ್ನ ಹೆಸರು ಹೇಳ್ಲಿಲ್ವಲ್ಲೇ?"

"ನಾನೇ ತೆಗೀಬೇಕು ಅಂತ ಹೋಗಿದ್ದೆ. ನೋಡಿದ್ರೆ ನೀವು ಮುಂಚೆನೇ ತೆಗೆದಿದ್ರಿ." ಸೊಸೆ ತೊಳೆದ ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟಳು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಮುಂದಿನ ವಾರಗಳಲ್ಲಿ ಯಜಮಾನರು ಚೇತರಿಸಿಕೊಂಡ ರೀತಿಗೆ ವ್ಯಾಯಾಮದ ಮೇಡಂಗೇ ಆಶ್ಚರ್ಯ. ಯಂತ್ರ ಕೊಡುವ ಬಲವನ್ನು ಇಳಿಸುತ್ತ ಬಂದಳು. ಬೆಳಗ್ಗೆಯ ಹೊತ್ತು ಅವರು ಯಂತ್ರವಿಲ್ಲದೆ, ಗೋಡೆ ಹಿಡಿದು, ಒಬ್ಬರೇ ಬಚ್ಚಲಿಗೆ ಹೋಗಿಬರತೊಡಗಿದರು.

ಹಾಗೆ ಒಂದು ಮಧ್ಯಾಹ್ನ ಅವರು ಗೋಡೆ ಹಿಡಿದು ಬಂದದ್ದು ಯಾರಿಗೂ ತಿಳಿಯಲಿಲ್ಲ. ಮೂವರೂ ಊಟಕ್ಕೆ ಕೂತಿದ್ದರು. ಅಮ್ಮ ತುತ್ತೆತ್ತಿದ್ದಳು.

"ಯಜಮಾನ ಹಸಿದು ಬಿದ್ದಿದ್ದಾನೆ. ಇಲ್ಲಿ ಔತಣ ನಡೀತಿದೆ."

"ನಿದ್ದೆ ಹತ್ತಿತ್ತಲ್ಲ, ಎಬ್ಬಿಸೋದು ಬೇಡ ಅಂತ," ಎನ್ನುತ್ತ ಅಮ್ಮ ಏಳುವಷ್ಟರಲ್ಲಿ ಅವಳ ಕೆನ್ನೆಗೆ ಏಟು ಬಿದ್ದಿತ್ತು. ಮನುಷ್ಯ ಕೈ ಎತ್ತಬೇಕಾದರೆ ಕಾಲು ನೆಲಕ್ಕೆ ಕಚ್ಚಿ ನಿಂತಿರಬೇಕು. ಇಷ್ಟು ತಿಂಗಳು ಆ ಕೈ ಸುಮ್ಮನಿದ್ದದ್ದು ಮನಸ್ಸು ತಿರುಗಿ ಅಲ್ಲ ಎಂಬುದು ಅಂದು ಮನೆಗೆಲ್ಲ ಖಾತ್ರಿಯಾಯಿತು.

ಮಗ ಎದ್ದು ನಿಂತ. "ಅಪ್ಪ, ಇನ್ನೊಂದು ಸಲ ಕೈ ಎತ್ತಿದ್ರೆ..."

"ಏನು ಮಾಡ್ತೀಯಾ? ನಿಂತಿರೋದು ನನ್ನ ಮನೇಲಿ. ತಿಂತಿರೋದು ನನ್ನ ಗಿರಣಿ ಹಿಟ್ಟು."

ಅಮ್ಮ ಮಗನ ಮಣಿಕಟ್ಟು ಹಿಡಿದು ಕೂರಿಸಿದಳು. ಆಮೇಲೆ ಗಂಡನಿಗೆ ತಟ್ಟೆ ಹಾಕಿದಳು. ಅವರು ಅವಳು ಬಿಟ್ಟೆದ್ದ ಕುರ್ಚಿಯಲ್ಲಿ ಕೂತು ಹೊಟ್ಟೆ ತುಂಬ ಉಂಡರು. ಅನ್ನ ಹದವಾಗಿದೆ ಎಂದೂ ಹೇಳಿದರು.

ಮರುದಿನ ಮಗಳಿಗೆ ರಜೆ. ಯಂತ್ರವಿಲ್ಲದೆ, ಕೋಲಿಲ್ಲದೆ, ಬರೀ ಬೆಲ್ಟಿನ ಆಸರೆಯಲ್ಲಿ ಅಪ್ಪ ಗಿರಣಿಯವರೆಗೆ ನಡೆಯುವುದನ್ನು ಮೊಬೈಲಿನಲ್ಲಿ ತೆಗೆದು ಮೇಡಂಗೆ ಕಳಿಸಬೇಕಿತ್ತು. ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಅಮ್ಮನ ಕೆನ್ನೆ.

"ಇದೇನಮ್ಮಾ?"

"ಬಾಗಿಲು ತಾಗ್ತು."

ಮಗಳು ಅಪ್ಪನ ಕಡೆ ನೋಡಿದಳು. ಅಣ್ಣನ ಕಡೆ ನೋಡಿದಳು. ಬಾಯಿ ತೆರೆದವಳು ಏನೋ ನುಂಗಿಕೊಂಡು, "ಐಸ್ ಇಟ್ಕೋಬೇಕಿತ್ತು," ಎಂದಳು. ಆಮೇಲೆ ಮೊಬೈಲು ತೆಗೆದಳು. "ನಡಿ ಅಪ್ಪ. ನಿಧಾನ."

ಯಜಮಾನರು ಹೊರಟರು. ಹಿಂದೆ ಬೆಲ್ಟು ಹಿಡಿದು ಅಮ್ಮ. ಗಿರಣಿಯಲ್ಲಿ ಮಗ ಹಿಟ್ಟಿನ ಯಂತ್ರ ನಿಲ್ಲಿಸಿದ್ದ. ಸೊಸೆ ಕುರ್ಚಿ ಬಿಟ್ಟು ಗೋಡೆಗೆ ಆತು ನಿಂತಿದ್ದಳು. ನಡುಬಾಗಿಲ ಆಚೆ ಒಂದು ಮೆಟ್ಟಿಲು ಇಳಿಯಬೇಕು. ಕೆಳಗೆ ಕಲ್ಲಿನ ನೆಲ, ಪಕ್ಕದಲ್ಲಿ ಪೇರಿಸಿಟ್ಟ ಕಬ್ಬಿಣದ ತೂಕದ ಕಲ್ಲುಗಳು. ಮಗಳು ಒಂದು ಪಕ್ಕದಿಂದ ಹಿಂದೆ ಹಿಂದೆ ಸರಿಯುತ್ತ ಚಿತ್ರ ತೆಗೆಯುತ್ತಿದ್ದಳು.

ಯಜಮಾನರು ಬಲಗಾಲು ಕೆಳಗಿಟ್ಟರು. ಎಡಗಾಲು ಎತ್ತಿದರು. ಆಗ ಅಮ್ಮನಿಗೆ ಕತ್ತು ಕಾಣಿಸಿತು. ಬಲಗಡೆಯ ನರ ಸೆಟೆದು, ತಲೆ ಒಂದು ಕೂದಲೆಳೆಯಷ್ಟು ಎಡಕ್ಕೆ ತಿರುಗಿತು. ವಾಲುತ್ತಾರೆ ಎಂದು ಅವರಿಗೇ ಗೊತ್ತಾಗುವ ಮೊದಲು ಅವಳಿಗೆ ಗೊತ್ತಾಯಿತು. ಬಿಗಿ ಹಿಡಿಯಬೇಕಾದ ಗಳಿಗೆ ಅದು.

ಅಮ್ಮ ಬೆರಳು ಬಿಡಿಸಿದಳು.

ಯಜಮಾನರು ವಾಲಿದರು. ತೋಳುಗಳು ಗಾಳಿಯಲ್ಲಿ ಬೀಸಾಡಿದವು. ಸೊಸೆಯ ಬಾಯಿಂದ "ಅಯ್ಯೋ" ಹೊರಟಿತು. ಮಗ ಎರಡು ಹೆಜ್ಜೆ ಮುಂದೆ ಬಂದು, ಯಾಕೋ, ನಿಂತುಬಿಟ್ಟ. ಯಜಮಾನರ ಎಡಗಾಲು ತಾನಾಗಿ ಅಗಲಕ್ಕೆ ಊರಿತು, ಮೊಣಕಾಲು ಬಗ್ಗಿ ಭಾರ ತೆಗೆದುಕೊಂಡಿತು, ಸೊಂಟ ತಿರುಗಿ ಸರಿಯಾಯಿತು. ವಾರಗಟ್ಟಲೆ ಆ ಯಂತ್ರ ಅವರಿಗೆ ಕಲಿಸಿದ್ದು ಇದನ್ನೇ. ಅವರು ನಿಂತರು. ಕಲ್ಲುನೆಲದ ಮೇಲೆ, ಯಾರ ಆಸರೆಯೂ ಇಲ್ಲದೆ, ನೆಟ್ಟಗೆ.

"ಅಮ್ಮ ಕೈ ಬಿಟ್ಟಿದ್ದಾಳೆ ನೋಡಿ!" ಎಂದು ಮಗಳು ಕೂಗಿದಳು. "ಅಪ್ಪ, ಒಬ್ಬನೇ ನಿಂತಿದ್ದೀಯ! ಅಮ್ಮ, ಎಂಥ ಧೈರ್ಯ ನಿಂದು!" ಮೊಬೈಲು ಹಿಡಿದ ಕೈಯಲ್ಲೇ ಚಪ್ಪಾಳೆ ತಟ್ಟಲು ನೋಡಿದಳು.

ಯಜಮಾನರು ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತ ಹಿಂದಕ್ಕೆ ತಿರುಗಿದರು. ಹೆಂಡತಿಯ ತೆರೆದ ಅಂಗೈ ನೋಡಿದರು. ಆಮೇಲೆ ಮುಖ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ.

"ನಾಳೆಯಿಂದ ಬೆಲ್ಟು ಇವಳು ಹಿಡಿಯೋದು ಬೇಡ," ಎಂದರು.

"ಯಾಕಪ್ಪ? ಅಮ್ಮ ಧೈರ್ಯ ಮಾಡಿದ್ದಕ್ಕೇ ಅಲ್ವಾ..."

"ಬೇಡ ಅಂದ್ರೆ ಬೇಡ."

ಕಾರಣ ಅವರು ಯಾರಿಗೂ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಮುಂದೆಂದೂ ಅವರು ಹೆಂಡತಿಗೆ ಬೆನ್ನು ಕೊಟ್ಟು ನಿಲ್ಲಲಿಲ್ಲ, ಅವಳ ಮೇಲೆ ಕೈ ಎತ್ತಲೂ ಇಲ್ಲ. ಅವಳ ಪಾಲಿಗೆ ದಕ್ಕಿದ್ದು ಅಷ್ಟು. ಉಳಿದವರ ಪಾಲಿಗೆ ಅದೂ ಇಲ್ಲ. ಯಜಮಾನರು ತಕ್ಕಡಿಯ ಪಕ್ಕ ಕೂತರು. ಮಗ ಮತ್ತೆ ಗಿರಾಕಿಗಳ ಎದುರೇ ಬೈಸಿಕೊಳ್ಳುತ್ತ ಮೂಟೆ ಎತ್ತಿದ. ಬೇರೆ ಮನೆ ಮಾಡುವ ಶಕ್ತಿ ಅವನಿಗಿರಲಿಲ್ಲ. ಸೊಸೆ ಎರಡು ಬೀದಿ ಆಚೆಯ ಧಾನ್ಯದ ಅಂಗಡಿಯಲ್ಲಿ ತೂಗುವ ಕೆಲಸಕ್ಕೆ ಸೇರಿಕೊಂಡು ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದಳು. ಗಂಡನೊಡನೆ ಅವಳು ಆಡುತ್ತಿದ್ದ ಮಾತು ದಿನದಿನಕ್ಕೆ ಕಡಿಮೆಯಾಯಿತು.

ತಪಾಸಣೆಗೆಂದು ಮಗಳು ಇಬ್ಬರನ್ನೂ ಮತ್ತೊಮ್ಮೆ ಕೇಂದ್ರಕ್ಕೆ ಕರೆದೊಯ್ದಳು. ಯಜಮಾನರು ಒಳಗೆ ಹೋದ ಮೇಲೆ ಅಮ್ಮ ಹೊರಗಿನ ಬೆಂಚಿನಲ್ಲಿ ಕೂತಳು. ಗೋಡೆಯ ಟಿ.ವಿ.ಯಲ್ಲಿ ಹೊಸ ರೋಗಿಗಳ ಮನೆಯವರಿಗಾಗಿ ಚಿತ್ರಗಳು ಓಡುತ್ತಿದ್ದವು. ಅವುಗಳ ನಡುವೆ ಮಗಳು ಕಳಿಸಿದ್ದೂ ಬಂತು: ನಡುಬಾಗಿಲು, ಮೆಟ್ಟಿಲು, ಬೆಲ್ಟಿನಿಂದ ಬಿಡಿಸಿಕೊಳ್ಳುವ ಬೆರಳುಗಳು, ನೆಟ್ಟಗೆ ನಿಂತ ಮನುಷ್ಯ. ವ್ಯಾಯಾಮದ ಮೇಡಂ ಅದನ್ನು ತೋರಿಸುತ್ತ ಹೇಳುತ್ತಿದ್ದಳು: "ನೋಡಿ, ಮನೆಯವರು ಸರಿಯಾದ ಸಮಯಕ್ಕೆ ಕೈ ಬಿಡೋದು ಕಲೀಬೇಕು. ಪ್ರೀತಿ ಇದ್ದವರಿಗೆ ಅದೇ ಕಷ್ಟ."

ಪಕ್ಕದಲ್ಲಿ ಕೂತಿದ್ದ ಹೆಂಗಸು ಟಿ.ವಿ.ಯನ್ನೂ ಅಮ್ಮನನ್ನೂ ಮತ್ತೆ ಮತ್ತೆ ನೋಡಿ ಗುರುತು ಹಿಡಿದಳು. ಅವಳ ಗಂಡನನ್ನು ಆಗತಾನೇ ಗಾಲಿಕುರ್ಚಿಯಲ್ಲಿ ಒಳಗೆ ಕರೆದೊಯ್ದಿದ್ದರು.

"ಅದು ನೀವೇ ಅಲ್ವಾ ಅಮ್ಮಾ? ಹಾಗೆ ಕೈ ಬಿಡೋವಾಗ ನಿಮಗೆ ಭಯ ಆಗ್ಲಿಲ್ವಾ?"

"ಆಗ ಆಗ್ಲಿಲ್ಲ," ಎಂದಳು ಅಮ್ಮ.

"ಮತ್ತೆ?"

"ಇವರು ಬೀಳದೆ ನಿಂತುಬಿಟ್ರಲ್ಲ, ಆವಾಗ ಆಯ್ತು."